ಹೆಡ್‌ಫೋನ್ ಜ್ಯಾಕ್: ಒಂದು ಲೋಹಪಟ್ಟಿಯ ಚರಿತ್ರೆ

ಹೆಡ್‌ಫೋನ್ ಸಿಕ್ಕಿಸದಿದ್ದರೂ ಅದರ ಚಿಹ್ನೆ ಪರದೆಯ ಮೇಲೆ ಮೂಡಿ ಸ್ಮಾರ್ಟ್‌ಫೋನಿನ ಸ್ಪೀಕರ್ ಮೂಕವಾಗುವ ದೋಷದ ಮೂಲವನ್ನು ಹುಡುಕುತ್ತ ಹೋದರೆ, 19ನೆಯ ಶತಮಾನದ ಉತ್ತರಾರ್ಧದಲ್ಲಿ ದೂರವಾಣಿ ಕರೆಗಳನ್ನು ಕೈಯಿಂದಲೇ ಜೋಡಿಸುತ್ತಿದ್ದ ಸ್ವಿಚ್‌ಬೋರ್ಡುಗಳನ್ನು ತಲುಪಬೇಕಾಗುತ್ತದೆ. ಅಲ್ಲಿ ಬಳಕೆಯಲ್ಲಿದ್ದ ಕಾಲು ಅಂಗುಲದ ಜ್ಯಾಕಿನ, ಅಂದರೆ ಪ್ಲಗ್ ಕೂರುವ ಕಿಂಡಿಯ, ಕಿರಿಯ ರೂಪವೇ 3.5 ಮಿ.ಮೀ. ಜ್ಯಾಕು. ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ನೆಲೆಯೂರಿದ ಅದು 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ಎಲ್ಲರ ಕೈಗೂ ಎಟುಕಿತು.

ರೇಡಿಯೊದ ಜ್ಯಾಕಿನೊಳಗೆ ಸ್ಪೀಕರಿಗೆ ಹೋಗುವ ವಿದ್ಯುತ್ತು ಒಂದು ಸಣ್ಣ ಲೋಹಪಟ್ಟಿಯನ್ನು ಹಾದುಹೋಗುತ್ತಿತ್ತು. ಪ್ಲಗ್ ಒಳಹೊಕ್ಕಾಗ ಆ ಪಟ್ಟಿ ಬಾಗಿ, ಸಂಪರ್ಕ ಕಡಿದು ಸ್ಪೀಕರ್ ಸುಮ್ಮನಾಗುತ್ತಿತ್ತು. ಪಟ್ಟಿಯ ಬಿಗಿ ಹೋದರೆ ಪ್ಲಗ್ ಕಿತ್ತ ಮೇಲೂ ಸ್ಪೀಕರ್ ಸುಮ್ಮನೆಯೇ ಇರುತ್ತಿತ್ತು. ಸ್ಮಾರ್ಟ್‌ಫೋನಿನಲ್ಲಿ ಪಟ್ಟಿ ಉಳಿಯಿತು, ಆದರೆ ಕೆಲಸ ಬದಲಾಯಿತು: ಅದು ಧ್ವನಿಯನ್ನು ಸಾಗಿಸದೆ ಚಿಪ್ಪಿಗೆ ಪ್ಲಗ್ ಬಂದ ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ, ನಿರ್ಧಾರ ತಂತ್ರಾಂಶದ್ದು. ಜೇಬಿನ ನೂಲೆಳೆ, ಬೆವರು ಅಥವಾ ಕಿಲುಬು ಈ ಸುದ್ದಿಯನ್ನು ಕೆಡಿಸಿದರೆ, ಫೋನನ್ನು ಮರುಚಾಲನೆ ಮಾಡಿದರೂ ಚಿಹ್ನೆ ಸಾಮಾನ್ಯವಾಗಿ ಮರಳುತ್ತದೆ. ಆದ್ದರಿಂದ ದುರಸ್ತಿಯವರು ಮೊದಲು ಫೋನನ್ನು ಆರಿಸಿ, ಒಣ ಕುಂಚದಿಂದ ಕಿಂಡಿಯನ್ನು ಗುಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಒಣಗಿಸುತ್ತಾರೆ. ಸೂಜಿ ಹಾಕಿ ಕೆದಕುವವರು ಪಟ್ಟಿಯನ್ನೇ ಮುರಿಯುವುದುಂಟು. ಆ್ಯಪಲ್ 2016ರಲ್ಲಿ ಐಫೋನ್ 7ರಿಂದ ಈ ಜ್ಯಾಕನ್ನು ಕೈಬಿಟ್ಟಿತಾದರೂ, ಹೆಡ್‌ಫೋನನ್ನೂ ಸಿಕ್ಕಿಸಬಹುದಾದ ಟೈಪ್-ಸಿ ಕಿಂಡಿಯಲ್ಲಿ ಕೊಳೆ ಕೂತ ಫೋನುಗಳಲ್ಲಿ ಇದೇ ದೋಷ ಇಂದಿಗೂ ಕಾಣಿಸಿಕೊಳ್ಳುತ್ತದೆ.