ಸಬ್‌ಸ್ಟೇಷನ್ನಿನ ಮೂಲೆಯಲ್ಲಿ ಕೂತ ಪುಟ್ಟ ಡಬ್ಬಿ

ಕರೆಂಟು ಹೋದಾಗ ನಮಗೆ ನೆನಪಾಗುವುದು ಟ್ರಾನ್ಸ್‌ಫಾರ್ಮರು, ಫ್ಯೂಸು, ಲೈನ್‌ಮನ್. ಸಬ್‌ಸ್ಟೇಷನ್ನಿನ ಒಳಗೆ ಯಾವುದೋ ಕಪಾಟಿನಲ್ಲಿ ಮಿಣಮಿಣ ದೀಪ ಉರಿಸುತ್ತಾ ಕೂತ ನೆಟ್‌ವರ್ಕ್ ಡಬ್ಬಿಗಳನ್ನು ಯಾರೂ ನೆನೆಯುವುದಿಲ್ಲ. ಸ್ವಿಚ್ಚು, ರೌಟರು, ಕನ್ವರ್ಟರು... ಇವುಗಳ ಕೆಲಸ ಇಷ್ಟೇ, ಕಂಟ್ರೋಲ್ ರೂಮಿನ ಆಜ್ಞೆಯನ್ನು ದೂರದ ಯಂತ್ರಕ್ಕೆ ಮುಟ್ಟಿಸುವುದು. ಈ ಡಬ್ಬಿಯೊಳಗಿನ ಚಿಪ್ಪಿನಲ್ಲೇ ಬರೆದಿಟ್ಟ ತಂತ್ರಾಂಶಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಒಮ್ಮೆ ಗೋಡೆಗೆ ಬಿಗಿದರೆ ವರ್ಷಗಟ್ಟಲೆ ಅದರ ತಂಟೆಗೆ ಯಾರೂ ಹೋಗುವುದಿಲ್ಲ.

ಇವುಗಳ ಇತಿಹಾಸದಲ್ಲಿ ಎರಡು ಘಟನೆಗಳು ನನ್ನ ತಲೆಯಿಂದ ಹೋಗುವುದೇ ಇಲ್ಲ.

ಮೊದಲನೆಯದು ಕೆನಡಾದ ರಗ್ಗಡ್‌ಕಾಮ್ ಕಂಪನಿಯದು. ಬಿಸಿಲು, ಧೂಳು, ಚಳಿ ಎಲ್ಲವನ್ನೂ ತಡೆದುಕೊಳ್ಳುವ ಗಟ್ಟಿ ನೆಟ್‌ವರ್ಕ್ ಸಾಧನಗಳಿಗೆ ಇದು ಹೆಸರುವಾಸಿ. ವಿದ್ಯುತ್ ಸಬ್‌ಸ್ಟೇಷನ್, ರೈಲ್ವೆ ಎಲ್ಲ ಕಡೆ ಇವರದ್ದೇ ಮಾಲು. ಅಮೆರಿಕದ ಜಸ್ಟಿನ್ ಕ್ಲಾರ್ಕ್ ಎಂಬ ಸಂಶೋಧಕ ಇವರ ಹಳೇ ಸಾಧನಗಳನ್ನು ಇ-ಬೇಯಲ್ಲಿ ಅಗ್ಗಕ್ಕೆ ಕೊಂಡು, ಫರ್ಮ್‌ವೇರನ್ನು ಬಿಚ್ಚಿ ನೋಡಿದ. ಒಳಗೆ 'ಫ್ಯಾಕ್ಟರಿ' ಎಂಬ ಹೆಸರಿನ ಒಂದು ಖಾತೆ ಸಿಕ್ಕಿತು! ಕೊಂಡವರು ಅದನ್ನು ತೆಗೆಯುವಂತಿಲ್ಲ. ಅದರ ಪಾಸ್‌ವರ್ಡ್ ಹುಟ್ಟುವುದು ಆ ಸಾಧನದ ಮ್ಯಾಕ್ ವಿಳಾಸದಿಂದ. ಆ ಮ್ಯಾಕ್ ವಿಳಾಸವೋ, ಲಾಗಿನ್ ಆಗುವ ಮೊದಲೇ ತೆರೆಯ ಮೇಲೆ ಕಾಣಿಸುತ್ತಿತ್ತು. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ :)

ಕ್ಲಾರ್ಕ್ ಇದನ್ನು ಕಂಪನಿಗೆ ತಿಳಿಸಿದ್ದು 2011ರ ಏಪ್ರಿಲ್‌ನಲ್ಲಿ. ಒಂದು ವರ್ಷ ಕಳೆದರೂ ರಿಪೇರಿ ಬರಲಿಲ್ಲ. 2012ರ ಏಪ್ರಿಲ್‌ನಲ್ಲಿ ಆತ ಎಲ್ಲರೆದುರು ಪ್ರಕಟಿಸಿಯೇ ಬಿಟ್ಟ. ಅಮೆರಿಕ ಸರ್ಕಾರದ ಐಸಿಎಸ್-ಸರ್ಟ್ ಎಚ್ಚರಿಕೆ ಕೊಟ್ಟಿತು, ಆಮೇಲೆ ಕಂಪನಿ ಆ ಖಾತೆ ಇಲ್ಲದ ಹೊಸ ಫರ್ಮ್‌ವೇರ್ ತಂದಿತು. ಅಷ್ಟರಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಹೊರಬಿತ್ತು: ಸಂದೇಶಗಳನ್ನು ಗುಟ್ಟಾಗಿಡಬೇಕಾದ ಖಾಸಗಿ ಕೀಲಿಯೂ ಫರ್ಮ್‌ವೇರಿನೊಳಗೇ ಇತ್ತು.

ಹೊಸ ಫರ್ಮ್‌ವೇರ್ ಬಂದರೆ ಮುಗಿಯಿತಲ್ಲ ಅಂತ ನಮಗನ್ನಿಸುತ್ತದೆ. ನಮ್ಮ ಆಫೀಸಿನ ಕಂಪ್ಯೂಟರಾದರೆ ಟೀ ಕುಡಿದು ಬರುವಷ್ಟರಲ್ಲಿ ಅಪ್‌ಡೇಟ್ ಆಗಿರುತ್ತದೆ. ಸಬ್‌ಸ್ಟೇಷನ್ನಿನಲ್ಲಿ ಹಾಗಲ್ಲ. ಡಬ್ಬಿ ರೀಸ್ಟಾರ್ಟ್ ಆಗುವಷ್ಟು ಹೊತ್ತು ಅದರ ಹಿಂದಿರುವ ಯಂತ್ರ ಕಂಟ್ರೋಲ್ ರೂಮಿನ ಕಣ್ಣಿಗೆ ಬೀಳುವುದಿಲ್ಲ. ಅಪ್‌ಡೇಟ್ ಅರ್ಧಕ್ಕೆ ಕೆಟ್ಟರೆ ಯಾರಾದರೂ ಅಲ್ಲಿಗೇ ಹೋಗಬೇಕು. ಹೀಗಾಗಿ 'ನಡೀತಾ ಇದೆಯಲ್ಲ, ಮುಟ್ಟೋದು ಬೇಡ' ಅನ್ನುವುದೇ ಅಲ್ಲಿನ ಪದ್ಧತಿ. ಅದರಲ್ಲಿ ಅವರ ತಪ್ಪೂ ಇಲ್ಲ.

ಎರಡನೆಯ ಘಟನೆ ಪಶ್ಚಿಮ ಉಕ್ರೇನಿನದು. 2015ರ ಡಿಸೆಂಬರ್ 23, ಮಧ್ಯಾಹ್ನ. ವಿದ್ಯುತ್ ವಿತರಣಾ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರ ಕಣ್ಣೆದುರೇ ಮೌಸಿನ ಬಾಣ ತಾನಾಗಿ ಓಡಾಡತೊಡಗಿತು. ಒಂದೊಂದೇ ಬ್ರೇಕರನ್ನು ಆಫ್ ಮಾಡುತ್ತಾ ಹೋಯಿತು! ತಿಂಗಳುಗಳ ಹಿಂದೆಯೇ ಇಮೇಲ್ ಅಟ್ಯಾಚ್‌ಮೆಂಟ್ ಮೂಲಕ ಒಳಗೆ ನುಸುಳಿದ್ದವರ ಕೆಲಸ ಅದು. ಮೂರು ಕಂಪನಿಗಳ ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದ ಆ ದಿನ ಕರೆಂಟು ಹೋಯಿತು.

ಬ್ರೇಕರ್ ಆಫ್ ಆಗಿದ್ದರೆ ಮತ್ತೆ ಆನ್ ಮಾಡಬಹುದಿತ್ತು. ಅದಕ್ಕೇ ಅವರು ಇನ್ನೊಂದು ಕೆಲಸ ಮಾಡಿದ್ದರು. ಕಂಟ್ರೋಲ್ ರೂಮಿನ ನೆಟ್‌ವರ್ಕಿಗೂ ಸಬ್‌ಸ್ಟೇಷನ್ನಿನ ಹಳೇ ಸೀರಿಯಲ್ ಕೇಬಲ್ಲಿಗೂ ನಡುವೆ ದುಭಾಷಿಯಂತೆ ಇದ್ದ ಕನ್ವರ್ಟರ್ ಡಬ್ಬಿಗಳಿಗೆ ತಮ್ಮದೇ ಕೆಟ್ಟ ಫರ್ಮ್‌ವೇರ್ ಕಳಿಸಿದರು. ರಿಪೇರಿಗೆಂದು ಇಟ್ಟ ಅಪ್‌ಡೇಟ್ ಸೌಲಭ್ಯವೇ ಆಯುಧವಾಯಿತು. ಡಬ್ಬಿಗಳು ಕೊಟ್ಟದ್ದನ್ನು ನುಂಗಿ ಸತ್ತು ಕೂತವು. ಇನ್ನು ದೂರದಿಂದ ಆಜ್ಞೆ ಕೊಡುವ ದಾರಿಯೇ ಇಲ್ಲ.

ಕೊನೆಗೆ ಊರನ್ನು ಕಾಪಾಡಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನುಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಒಂದರಿಂದ ಆರು ಗಂಟೆಯೊಳಗೆ ಎಲ್ಲ ಕಡೆ ಕರೆಂಟು ಬಂತು. ಆದರೆ ಆ ಡಬ್ಬಿಗಳು ಮಾತ್ರ ಮತ್ತೆ ಏಳಲಿಲ್ಲ, ಹೊಸದು ತರಬೇಕಾಯಿತು. ತಿಂಗಳುಗಳ ನಂತರವೂ ಕೆಲವು ಕಡೆ ಕೈಕೆಲಸವೇ ನಡೆದಿತ್ತು.

ಇದಕ್ಕೆ ಮದ್ದು ಗೊತ್ತಿರುವಂಥದ್ದೇ. ಫರ್ಮ್‌ವೇರಿಗೆ ತಯಾರಕರು ಡಿಜಿಟಲ್ ಸಹಿ ಹಾಕಬೇಕು, ಡಬ್ಬಿ ಆ ಸಹಿ ನೋಡಿದ ಮೇಲಷ್ಟೇ ಒಳಗೆ ಬಿಟ್ಟುಕೊಳ್ಳಬೇಕು. ಪ್ರತಿ ಸಾಧನಕ್ಕೂ ಬೇರೆ ಬೇರೆ ಕೀಲಿ ಇರಬೇಕು. ಗುಪ್ತ ಖಾತೆ ಇರಲೇಬಾರದು. 2019ರಲ್ಲಿ ಬಂದ ಐಇಸಿ 62443-4-2 ಮಾನದಂಡದಲ್ಲಿ ಅಪ್‌ಡೇಟಿನ ಅಸಲಿತನ ಪರೀಕ್ಷಿಸುವ ನಿಯಮವೂ ಇದೆ. ಆದರೆ ಅದಕ್ಕೂ ಮುಂಚೆ ಗೋಡೆಗೆ ಬಿಗಿದ ಡಬ್ಬಿಗಳು ಮಾನದಂಡ ಓದುವುದಿಲ್ಲವಲ್ಲ!

ಆ 'ಫ್ಯಾಕ್ಟರಿ' ಖಾತೆ ಬರೆದವನನ್ನು ಬೈಯಲು ನನಗೆ ಮಾತ್ರ ಬಾಯಿ ಬರುವುದಿಲ್ಲ. ಗ್ರಾಹಕ ಪಾಸ್‌ವರ್ಡ್ ಮರೆತರೆ ಸಹಾಯಕ್ಕಿರಲಿ ಅಂತಲೇ ಬರೆದಿರುತ್ತಾನೆ ಅನ್ನಿಸುತ್ತದೆ. ಯಾಕೆಂದರೆ ನಾನೂ ಬರೆದಿದ್ದೇನೆ. ಐದಾರು ವರ್ಷದ ಹಿಂದೆ, ಮೊದಲ ಕೆಲಸದಲ್ಲಿ, ಕಾರ್ಖಾನೆಗಳಿಗೆ ಹೋಗುವ ಒಂದು ಸಾಧನದಲ್ಲಿ ಟೆಸ್ಟಿಂಗ್ ಸುಲಭವಾಗಲಿ ಅಂತ ಒಂದು ಪಾಸ್‌ವರ್ಡ್ ಸೇರಿಸಿದ್ದೆ. ರಿಲೀಸಿಗೆ ಮುಂಚೆ ತೆಗೆಯೋಣ ಅಂದುಕೊಂಡಿದ್ದೆ. ತೆಗೆದೆನಾ? ನಿಜ ಹೇಳಬೇಕೆಂದರೆ ನೆನಪಿಲ್ಲ.

ಉಕ್ರೇನಿನ ಕಥೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಇನ್ನೂ ಅಲ್ಲೇ ಇರುವ ಗೆಳೆಯನಿಗೆ ಫೋನ್ ಮಾಡಿ, ಫೈಲಿನ ಹೆಸರು ಹೇಳಿ, ನೋಡು ಅಂದೆ. "ಇಷ್ಟು ವರ್ಷ ಆದಮೇಲೆ ಈಗ ಯಾಕೋ ಮಾರಾಯ" ಅಂತ ನಕ್ಕ. ನಾನು ನಗಲಿಲ್ಲ. ಸೋಮವಾರ ನೋಡಿ ಹೇಳ್ತೀನಿ ಅಂದಿದ್ದಾನೆ.

ಸೋಮವಾರಕ್ಕೆ ಕಾಯುತ್ತಿದ್ದೇನೆ.