ಕಾಂಪೌಂಡರ ಹೆಸರು ರಿಜಿಸ್ಟರಿಗೆ ಬಂದ ಕಥೆ

ನಂದಿ ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹಿರಿಯರನ್ನು ಹಳೆಯ ದವಾಖಾನೆಯ ಬಗ್ಗೆ ಕೇಳಿ ನೋಡಿ. ಡಾಕ್ಟರಷ್ಟೇ ಕಾಂಪೌಂಡರ ಮಾತೂ ಬಂದೀತು. ಮನೆಯಿಂದ ತಂದ ಸೀಸೆಗೆ ಮಿಕ್ಸ್ಚರ್ ತುಂಬಿ, ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಇಷ್ಟು ಎಂದು ತೋರಿಸುತ್ತಿದ್ದವರು ಅವರು. ಅವರ ಅಳತೆ ತಪ್ಪಿದರೆ ಕೇಳುವವರು ಯಾರು?

ಮೈಸೂರು ಸಂಸ್ಥಾನದ 1931ರ ವೈದ್ಯಕೀಯ ನೋಂದಣಿ ಕಾಯಿದೆ ವೈದ್ಯರಿಗಾಗಿ ಮಾಡಿದ್ದು. ಕಾಂಪೌಂಡರ ಮೇಲೆ ಇದ್ದದ್ದು ಅವರಿಗೆ ಸಂಬಳ ಕೊಡುವವರ ಹಿಡಿತ ಮಾತ್ರ. ಇಲಾಖೆ ವರ್ಗ ಮಾಡಬಹುದಿತ್ತು, ಕೆಲಸದಿಂದ ತೆಗೆಯಬಹುದಿತ್ತು. ಆದರೆ ಗಮನಿಸಿ: ಕೆಲಸ ಹೋದೊಡನೆ ಆ ಹಿಡಿತವೂ ಹೋಯಿತು. ಒಂದು ಊರಲ್ಲಿ ತಪ್ಪು ಮಾಡಿದವನು ಇನ್ನೊಂದು ಊರಲ್ಲಿ ಔಷಧಿ ಬೆರೆಸಲು ಕೂರಬಹುದಿತ್ತು. ತಪ್ಪು ಮಾಡದೆಯೇ ಯಜಮಾನನ ಕೋಪಕ್ಕೆ ಗುರಿಯಾದವನಿಗೂ ದೂರು ಹೇಳಿಕೊಳ್ಳಲು ವೃತ್ತಿಯದೇ ಆದ ಕಟ್ಟೆ ಇರಲಿಲ್ಲ.

1948ರ ಫಾರ್ಮಸಿ ಕಾಯಿದೆ ಇದನ್ನು ಬದಲಿಸಿತು. ರಾಜ್ಯಗಳು ತಯಾರಿಸಬೇಕಾದ ಮೊದಲ ರಿಜಿಸ್ಟರಿನಲ್ಲಿ ಪದವೀಧರರಿಗಷ್ಟೇ ಅಲ್ಲ, ಕಾಂಪೌಂಡರ್ ಪರೀಕ್ಷೆ ಪಾಸಾದವರಿಗೂ, ಆಸ್ಪತ್ರೆಯಲ್ಲಿ 5 ವರ್ಷ ಔಷಧಿ ಬೆರೆಸಿದ ಅನುಭವಸ್ಥರಿಗೂ ಜಾಗ ಸಿಕ್ಕಿತು. ವೃತ್ತಿಗೆ ಕಳಂಕ ತರುವ ನಡತೆ ಕಂಡುಬಂದರೆ ಹೆಸರನ್ನು ಹೊಡೆದುಹಾಕಬಹುದು. ಆದರೆ ಮೊದಲು ಅವರ ಮಾತು ಕೇಳಬೇಕು; ರಾಜ್ಯ ಪರಿಷತ್ತು ಆದೇಶವನ್ನು ಒಪ್ಪಿದ ಮೇಲೂ 3 ತಿಂಗಳು ಅದು ಜಾರಿಯಾಗದು; ಸರ್ಕಾರಕ್ಕೆ ಮೇಲ್ಮನವಿಯೂ ಉಂಟು. ಶಿಕ್ಷೆಗಿಂತ ಈ ಕೇಳುವ ಕ್ರಮವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇದೇ ಪ್ರಶ್ನೆ ಹೊಸ ವೇಷದಲ್ಲಿ ಮತ್ತೆ ಬಂದಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 1965ರಲ್ಲಿ, ನೌಕಾಪಡೆಯಲ್ಲಿ ರೋಗಿಗಳ ಆರೈಕೆ ಮಾಡಿದ್ದವರನ್ನು ಆರಿಸಿ ‘ಫಿಸಿಷಿಯನ್ ಅಸಿಸ್ಟೆಂಟ್’ ತರಬೇತಿ ಆರಂಭಿಸಿತು. ಅವರೂ ಒಂದು ಬಗೆಯ ಕಾಂಪೌಂಡರೇ ಎನ್ನಬಹುದೇನೋ! ನಮ್ಮ ದೇಶದಲ್ಲಿ ಈ ಶಿಕ್ಷಣ ಮೊದಲಾದದ್ದು 1992ರಲ್ಲಿ, ಮದರಾಸಿನಲ್ಲಿ. ಹೃದಯ ಶಸ್ತ್ರತಜ್ಞ ಕೆ. ಎಂ. ಚೆರಿಯನ್ ಅವರ ಮುಂದಾಳತ್ವದಲ್ಲಿ. ಡಾಕ್ಟರರ ಮೇಲ್ವಿಚಾರಣೆಯಲ್ಲಿ ರೋಗಿಯ ವಿವರ ಬರೆದುಕೊಳ್ಳುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು ಇವರ ಕೆಲಸ. ಆದರೆ ಸುಮಾರು 30 ವರ್ಷ ಇವರಿಗೆಂದು ದೇಶವ್ಯಾಪಿ ಶಾಸನಬದ್ಧ ರಿಜಿಸ್ಟರ್ ಇರಲಿಲ್ಲ. ಆಸ್ಪತ್ರೆಯ ನಿಯಮವೇ ನಿಯಮ, ಹಳೆಯ ಕಾಂಪೌಂಡರಿಗೆ ಇದ್ದ ಹಾಗೆ.

2021ರಲ್ಲಿ ಸಂಸತ್ತು ವೈದ್ಯಕೀಯ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿ, ಅದರ ಅನುಸೂಚಿಯಲ್ಲಿ ‘ಫಿಸಿಷಿಯನ್ ಅಸೋಸಿಯೇಟ್’ ಎಂಬ ಹೆಸರನ್ನು ಸೇರಿಸಿತು. ರಾಜ್ಯ ಪರಿಷತ್ತು, ರಿಜಿಸ್ಟರು, ವೃತ್ತಿ ನಡತೆಯ ನಿಯಮ ಎಲ್ಲಕ್ಕೂ ಅದರಲ್ಲಿ ಅವಕಾಶವಿದೆ. ದುರ್ನಡತೆಗಾಗಿ ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಯ ಮಾತು ಕೇಳಬೇಕೆಂಬ ಷರತ್ತು ಇಲ್ಲಿಯೂ ಇದೆ.