ಅನ್ನದ ನುಡಿ, ಒಲವಿನ ನುಡಿ

ಸಾಂತಾಕ್ರೂಜ್ ಎಂಬ ಹೆಸರನ್ನು ನಾವು ದಿನಕ್ಕೆ ಹತ್ತು ಸಲ ಉಚ್ಚರಿಸುತ್ತೇವೆ. ಅದು ಪೋರ್ಚುಗೀಸ್ ಮಾತು, 'ಪವಿತ್ರ ಶಿಲುಬೆ' ಎಂದು ಅದರ ಅರ್ಥ ಎಂಬುದು ನೆನಪಾಗುವುದು ಅಪರೂಪ. 1534ರ ವಸಯಿ ಒಪ್ಪಂದದ ಮೂಲಕ ಸಾಷ್ಟಿ ದ್ವೀಪ ಪೋರ್ಚುಗೀಸರ ವಶವಾಯಿತು. 1739ರಲ್ಲಿ ಮರಾಠರು ಅದನ್ನು ಗೆದ್ದುಕೊಂಡರು. ಆಳಿದವರು ಹೋದರು, ಹೆಸರು ಉಳಿಯಿತು. ನುಡಿಗಳು ಊರಿನಿಂದ ಊರಿಗೆ ಸಾಗುವ ಬಗೆ ಸಾಮಾನ್ಯವಾಗಿ ಇದೇ: ಒಂದೋ ಅಧಿಕಾರದ ಹೆಗಲೇರಿ, ಇಲ್ಲವೇ ಅನ್ನದ ಬೆನ್ನು ಹತ್ತಿ.

ಮುಂಬಯಿ ಕನ್ನಡಿಗರ ಚರಿತ್ರೆ ಈ ಎರಡನೆಯ ದಾರಿಯದು. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಮನೆಯಲ್ಲಿ ತುಳುವೋ ಕೊಂಕಣಿಯೋ, ಪುಸ್ತಕದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್. ಸಾಂತಾಕ್ರೂಜಿನ ಸಾರಸ್ವತ ಕಾಲೊನಿ, ಬಿಲ್ಲವ ಭವನ, ಪೇಜಾವರ ಮಠದ ಶಾಖೆ, ಎಲ್ಲವೂ ಹೀಗೆ ಬಂದು ನೆಲೆನಿಂತವರ ಗುರುತುಗಳು. ನಾಲ್ಕೈದು ಭಾಷೆ ಬಲ್ಲ ಹಿರಿಯರು ನಮ್ಮ ಮನೆಮನೆಗಳಲ್ಲಿದ್ದರು. ಅವರಲ್ಲಿ ಯಾರನ್ನಾದರೂ ಬಹುಭಾಷಾವಿದರೆಂದು ಕರೆದಿದ್ದರೆ ನಕ್ಕುಬಿಡುತ್ತಿದ್ದರು. ಬೇಕಾದುದನ್ನು ಬೇಕಾದಷ್ಟು ಕಲಿತಿದ್ದೇವೆ ಎಂಬುದಷ್ಟೇ ಅವರ ಲೆಕ್ಕ.

ಆದರೆ ಇದೇ ಸಾಂತಾಕ್ರೂಜಿನ ಪೂರ್ವದಲ್ಲಿ, ಕಲೀನಾದ ವಿದ್ಯಾನಗರಿಯಲ್ಲಿ, ಮೂರನೆಯ ದಾರಿಯೊಂದು ಕಾಣಿಸುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಈ ಆವರಣದಲ್ಲಿ ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳನ್ನು ಕಲಿಸುತ್ತಾರೆ. ಇಂಥ ತರಗತಿಗಳಿಗೆ ಉದ್ಯೋಗದ ಕಣ್ಣಿಟ್ಟು ಬರುವವರೇ ಹೆಚ್ಚು, ನಿಜ. ಆದರೆ ನಡುವಯಸ್ಸು ದಾಟಿದ ಮೇಲೆ, ಯಾವ ಲಾಭದ ಹಂಗೂ ಇಲ್ಲದೆ, ಪರಭಾಷೆಯ ವರ್ಣಮಾಲೆಯ ಮುಂದೆ ಮಗುವಿನಂತೆ ಕೂರುವವರೂ ಇರುತ್ತಾರೆ. 'ಈ ವಯಸ್ಸಿನಲ್ಲಿ ಇದೇಕೆ?' ಎಂಬ ಪ್ರಶ್ನೆ ಅವರನ್ನು ಬಿಡುವುದಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೇ ಹುಡುಕಬಹುದು.

ಮಂಜೇಶ್ವರದ ಗೋವಿಂದ ಪೈ (1883-1963) ಅವರ ಮನೆಮಾತು ಕೊಂಕಣಿ. ತಂದೆಯ ಮರಣದಿಂದಾಗಿ ಮದರಾಸಿನ ಬಿ.ಎ. ವ್ಯಾಸಂಗವನ್ನು ಪೂರ್ಣಗೊಳಿಸಲಾಗದೆ ಊರಿಗೆ ಮರಳಿದವರು ಅವರು. ಮುಂದಿನ ಓದೆಲ್ಲ ಬಹುಮಟ್ಟಿಗೆ ಮನೆಯಲ್ಲೇ ನಡೆಯಿತು. ಗ್ರೀಕ್, ಲ್ಯಾಟಿನ್, ಪಾಲಿ ಮೊದಲಾಗಿ ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳ ಪರಿಚಯ ಅವರಿಗಿತ್ತೆಂದು ಅವರನ್ನು ಕುರಿತು ಬರೆದವರು ಹೇಳುತ್ತಾರೆ. ಸಂಖ್ಯೆಗಿಂತ ನಮ್ಮನ್ನು ಸೆಳೆಯುವುದು ಆ ಕಲಿಕೆಯ ಸ್ವಭಾವ. ಕಡಲ ತಡಿಯ ಆ ಹಳ್ಳಿಯಲ್ಲಿ ಗ್ರೀಕ್ ಬಲ್ಲವನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಮಾತನಾಡಲು ಎದುರಿಗೊಬ್ಬ ಗ್ರೀಕನೂ ಇರಲಿಲ್ಲ. ಪರೀಕ್ಷೆಯಿಲ್ಲದ, ಪದವಿಯಿಲ್ಲದ ಆ ಓದಿಗೆ ಓದಿನ ಸುಖವೇ ಫಲ.

ಆದರೆ ಆ ಸುಖ ಒಬ್ಬರಿಗೇ ಸಂದು ಮುಗಿಯಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಅದು ಪ್ರಕಟವಾದದ್ದು 1903ರಲ್ಲಿ. ಭಾರತದ ಕಡಲ ತೀರದಲ್ಲಿ ಸೆರೆಯಾದ ಚಾರಿತಿಯೋನ್ ಎಂಬ ಗ್ರೀಕ್ ಹೆಣ್ಣುಮಗಳನ್ನು, ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ ಮೈಮರೆಸಿ, ಅವಳ ಸೋದರ ಬಿಡಿಸಿಕೊಂಡು ಹೋಗುವ ಕಥೆ ಅದು. ಅರಸನೂ ಅವನ ಪರಿವಾರದವರೂ ಆಡುವ ಮಾತು ಗ್ರೀಕ್ ಅಲ್ಲ. ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಅದನ್ನು ಕನ್ನಡವೆಂದು ಊಹಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಚರ್ಚೆಯನ್ನು ಮುಂದುವರಿಸಿದರು. ಗೋವಿಂದ ಪೈಯವರೂ ಅದರಲ್ಲಿ ತೊಡಗಿದರು. ಅದು ತುಳುವೆಂದವರಿದ್ದಾರೆ, ಎರಡೂ ಅಲ್ಲವೆಂದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆದರೆ ಆ ಪ್ರಹಸನವನ್ನು ಕುರಿತು ಕನ್ನಡದಲ್ಲಿ ವಿಚಾರ ಮಾಡುವುದು ಸಾಧ್ಯವಾದದ್ದು, ಪ್ರಯೋಜನವನ್ನು ಕೇಳದೆ ಪರಭಾಷೆಗಳ ಬಾಗಿಲು ತಟ್ಟಿದ ಇಂಥವರಿಂದ. ನಮ್ಮದೇ ಕರಾವಳಿಯ ಸುದ್ದಿಯನ್ನು ತಿಳಿಯಲು ಗ್ರೀಕಿನವರೆಗೆ ಹೋಗಿಬರಬೇಕಾಯಿತು.

ಇದರ ಎದುರು ನಿಲ್ಲಿಸಿ ನೋಡಬೇಕಾದ ಹೆಸರು ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದಾಗ ಅವರಿಗೆ ಇಪ್ಪತ್ತೊಂದರ ಪ್ರಾಯ. ಅವರ ಪಾಲಿಗೆ ಕನ್ನಡ ಕರ್ತವ್ಯದ ಭಾಷೆ. ಮತಪ್ರಚಾರಕ್ಕೆ ಬೇಕಾದಷ್ಟು ಕಲಿತು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಛಂದಸ್ಸು, ವ್ಯಾಕರಣ, ಹಳಗನ್ನಡ ಎಂದು ಆಳಕ್ಕಿಳಿಯುತ್ತಲೇ ಹೋದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಧರ್ಮಬೋಧನೆಗೆ ಅಷ್ಟು ಶಬ್ದಗಳು ಬೇಕಿರಲಿಲ್ಲ. ಕರ್ತವ್ಯ ಎಲ್ಲಿ ಮುಗಿದು ಒಲವು ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವುದು ಕಷ್ಟ. ಆದರೆ ನಮ್ಮ ಕಪಾಟಿನಲ್ಲಿ ಉಳಿದಿರುವುದು ಒಲವಿನ ಪಾಲು.

ಈ ಹಳೆಯ ಕಥೆಗಳು ಹೊರನಾಡಿನ ನಮಗೆ ಇಂದು ಏಕೆ ಬೇಕು? ನಮ್ಮ ಮನೆಗಳಲ್ಲಿ ಒಂದು ಸ್ಥಿತ್ಯಂತರ ನಡೆದುಹೋಗಿದೆ. ಮಕ್ಕಳಿಗೆ ಕನ್ನಡ ಕಿವಿಗೆ ಗೊತ್ತು, ನಾಲಗೆಗೆ ಅಷ್ಟಿಷ್ಟು ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಮೊಮ್ಮಕ್ಕಳಿಗೆ ಅದು ಹೆಚ್ಚುಕಡಿಮೆ ವಿದೇಶಿ ಭಾಷೆ. ಅನ್ನಕ್ಕಾಗಿ ಕನ್ನಡ ಕಲಿಯಿರಿ ಎಂದು ಈ ನಗರದಲ್ಲಿ ಅವರಿಗೆ ಹೇಳಲಾರೆವು. ಕರ್ತವ್ಯವೆಂದು ಹೇಳುತ್ತಲೇ ಬಂದಿದ್ದೇವೆ; ಅದರ ಫಲವೂ ಕಣ್ಣೆದುರಿಗಿದೆ. ತಪ್ಪಿತಸ್ಥ ಭಾವದಿಂದ ಬಾರಾಖಡಿ ಹಿಡಿದವರು 'ಕ್ಷ' ಮುಟ್ಟುವ ಮೊದಲೇ ಸೋಲುತ್ತಾರೆ. ಇನ್ನು ಉಳಿದಿರುವುದು ಮೂರನೆಯ ದಾರಿಯೊಂದೇ.

1970ರ ದಶಕದ ಕೊನೆಯಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಕಲೀನಾದ ಆ ಆವರಣದಲ್ಲಿಯೇ, ಕನ್ನಡ ಬಾರದವರಿಗೂ ಕನ್ನಡ ಕಲಿಸುತ್ತ ಬಂದಿದೆ. ಅಂಥ ತರಗತಿಗೆ ಮರಾಠಿ ಗೆಳೆಯನೊಬ್ಬ ಕುತೂಹಲದಿಂದ ಬಂದರೆ ನಮಗೆ ಹಿಗ್ಗು. ಅವನ ಪಕ್ಕದ ಬೆಂಚಿನಲ್ಲಿ ನಮ್ಮವರದೇ ನಲವತ್ತರ ಮಗನೋ ಮಗಳೋ ಕುಳಿತರೆ ನಾಚಿಕೆಪಡುವ ಕಾರಣವಿಲ್ಲ. ಗೋವಿಂದ ಪೈಯವರಿಗೆ ಕನ್ನಡವೂ ಮನೆಮಾತಾಗಿರಲಿಲ್ಲ. 1956ರ ಬಳಿಕ ಅವರ ಊರು ಕೂಡ ಕೇರಳಕ್ಕೆ ಸೇರಿತು. ಭಾಷೆಯನ್ನು ಆಸ್ತಿಯಂತೆ ಪಡೆಯದೆ, ಒಲಿದು ಪಡೆದವರು ಅವರು. 'ಇಷ್ಟು ತಡವಾಗಿಯೇ?' ಎಂದು ಕೇಳುವ ಬದಲು ಆ ಮಗಳ ಕೈಗೆ ಅವಳು ಇಷ್ಟಪಡುವ ಪುಸ್ತಕವೊಂದನ್ನು ಕೊಡೋಣ. ಅವಳು ತಡವರಿಸುತ್ತ ಓದುವಾಗ ನಡುವೆ ಬಾಯಿ ಹಾಕದೆ ಕೇಳೋಣ.